ತಿಂಡಿ ತಪ್ಪಿಸಿದರೆ ತಮ್ಮನಿಗೆ ಹುರುಪು ಬರುತ್ತದೆಯೇ?

ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿರುವ ತಮ್ಮ ಹಾಸಿಗೆ ಬಿಟ್ಟು ಏಳುವುದಿಲ್ಲ, ಹಸಿವಿನ ಹಾರ್ಮೋನು ಹುರುಪು ಕೊಡುತ್ತದಂತೆ, ಹಾಗಾದರೆ ಬೆಳಗಿನ ತಿಂಡಿ ತಪ್ಪಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ನೀವು ಓದಿದ್ದು ಪೂರ್ತಿ ಸುಳ್ಳೇನಲ್ಲ. ಆ ಹಾರ್ಮೋನು ಗ್ರೆಲಿನ್. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಗುರುತಿಸಿದ್ದು. ಹೊಟ್ಟೆ ಖಾಲಿಯಾದಾಗ ಜಠರ ಇದನ್ನು ರಕ್ತಕ್ಕೆ ಬಿಡುತ್ತದೆ, ಉಂಡ ಮೇಲೆ ಇಳಿಯುತ್ತದೆ. ಮಿದುಳಿನಲ್ಲಿ ಇದು ಹಸಿವನ್ನಷ್ಟೇ ಕೆರಳಿಸುವುದಿಲ್ಲ, ಹುರುಪಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಬಿಡುವ ಕೋಶಗಳನ್ನೂ ತಟ್ಟಿ ಎಬ್ಬಿಸುತ್ತದೆ. ಹಸಿದ ಪ್ರಾಣಿ ಮೂಲೆಯಲ್ಲಿ ಕೂತರೆ ಊಟ ಸಿಗುವುದಿಲ್ಲವಲ್ಲ, "ಎದ್ದು ಹುಡುಕು" ಅನ್ನುವ ತಾಕೀತು ಅದು. ಖಿನ್ನತೆಯಲ್ಲಿ ಎಷ್ಟೋ ಸಲ ಕೈಕೊಡುವುದೂ ಎದ್ದು ಹೊರಡುವ ಈ ಹುರುಪೇ: ಸ್ನಾನ ಮಾಡಿದರೆ ಹಾಯೆನಿಸುತ್ತೆ ಅಂತ ಗೊತ್ತು, ಬಚ್ಚಲ ತನಕ ಹೋಗುವ ಶ್ರಮಕ್ಕೆ ಮನಸ್ಸು ಒಪ್ಪದು. (ಅದನ್ನ ಸೋಮಾರಿತನ ಅನ್ನಬೇಡಿ.)

2008ರ ಒಂದು ಅಧ್ಯಯನದಲ್ಲಿ ಹತ್ತು ದಿನ ಕಡಿಮೆ ತಿಂದು ಗ್ರೆಲಿನ್ ಏರಿದ ಇಲಿಗಳಲ್ಲಿ ಖಿನ್ನತೆಯಂಥ ವರ್ತನೆ ತಗ್ಗಿತ್ತು. ಗ್ರೆಲಿನ್ನಿನ ಸಂದೇಶ ಹಿಡಿಯುವ ಗ್ರಾಹಿಯೇ (ರಿಸೆಪ್ಟರ್) ಇಲ್ಲದ ಇಲಿಗಳಿಗೆ ಆ ಲಾಭ ಸಿಗಲಿಲ್ಲ. ಆದರೆ ಇಲಿ ಇಲಿಯೇ. ಖಿನ್ನತೆಯಲ್ಲಿ ಒಬ್ಬರಿಗೆ ಅನ್ನವೇ ಸೇರದು, ಇನ್ನೊಬ್ಬರು ರಾತ್ರಿಯೆಲ್ಲ ಕುರುಕಲು ತಿನ್ನುತ್ತಾರೆ. ಇಬ್ಬರಿಗೂ ಒಂದೇ ಲೆಕ್ಕ ಹೇಗೆ ಹಾಕೋದು?

ಮಾತ್ರೆಗಳಲ್ಲಿ ಲಿಥಿಯಂ (ಮನಸ್ಸಿನ ಏರುಪೇರು ಹಿಡಿತದಲ್ಲಿಡುವ ಔಷಧಿ) ಇದ್ದರಂತೂ, ಉಪವಾಸದಲ್ಲಿ ನೀರು, ಉಪ್ಪು ಕಡಿಮೆಯಾಗಿ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾದೀತು. ಹೊತ್ತಿಗೆ ಸರಿಯಾಗಿ ತಿಂಡಿ ಕೊಡಿ. ಹುರುಪಿಲ್ಲದ್ದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಬರೀ "ಬೇಜಾರು" ಅಂದರೆ ಸಾಲದು. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.