ನೆಗಡಿ ಬಂದ ಮಗುವಿಗೆ ಕರುಳು ಸಿಕ್ಕಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಏಳು ತಿಂಗಳ ಮಗುವಿಗೆ ನೆಗಡಿ, ಜ್ವರ ಬಂದಿತ್ತು. ಅದು ಇಳಿಯುವ ಹೊತ್ತಿಗೆ ಬಿಟ್ಟು ಬಿಟ್ಟು ಅಳು, ವಾಂತಿ ಶುರುವಾಯಿತು. ಸ್ಕ್ಯಾನಿಂಗ್ ಮಾಡಿ ‘ಕರುಳಿನೊಳಗೆ ಕರುಳು ಸೇರಿಕೊಂಡಿದೆ’ ಎಂದರು, ಕೆಳಗಿನಿಂದ ನೀರು ಹಾಯಿಸಿ ಸರಿಮಾಡಿದರು. ಈಗ ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ. ಅತ್ತೆ ರಾಗಿ ಸರಿಯನ್ನು ದೂರುತ್ತಾರೆ, ಯಜಮಾನರು ಭೇದಿ ತಡೆಯುವ ರೋಟಾ ಲಸಿಕೆಯ ಹನಿಯನ್ನು. ಡಾಕ್ಟರ್ ‘ವೈರಸ್ಸಿಂದ’ ಎಂದಷ್ಟೇ ಹೇಳಿ ಮುಂದಿನ ರೋಗಿಯ ಕಡೆ ಹೊರಟರು.

ಡಾಕ್ಟರ್ ಮಾತು ತುಂಬಾ ಚಿಕ್ಕದಾಯಿತು, ಆದರೆ ಮೂವರಲ್ಲಿ ಹೆಚ್ಚು ಆಧಾರ ಇರುವುದು ಅವರ ಮಾತಿಗೇ. ನಾನು ರೇಡಿಯಾಲಜಿಸ್ಟ್. ಇಂಥ ಮಕ್ಕಳ ಹೊಟ್ಟೆ ಸ್ಕ್ಯಾನ್ ಮಾಡುವುದು, ಆ ನೀರು ಹಾಯಿಸುವಾಗ ಪರದೆ ನೋಡುತ್ತಾ ನಿಲ್ಲುವುದು ನನ್ನ ಕೆಲಸ.

ಈ ತೊಂದರೆಯ ಹೆಸರು ಇಂಟಸಸೆಪ್ಶನ್. ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಯಲ್ಲಿ ಪೇಯರ್ಸ್ ಪ್ಯಾಚ್ ಎಂಬ, ರೋಗದ ವಿರುದ್ಧ ಹೋರಾಡುವ ದುಗ್ಧ ಅಂಗಾಂಶ ಇದೆ. ರೋಗಾಣು ಹೊಟ್ಟೆಗೆ ಬಂದರೆ ಮೊದಲು ಎಚ್ಚೆತ್ತುಕೊಳ್ಳುವ ಜಾಗ ಅದು. ಅಡೆನೊವೈರಸ್ ನೆಗಡಿ, ಗಂಟಲು ನೋವು, ಕೆಂಗಣ್ಣು ತರುತ್ತದೆ. ಅದೇ ವೈರಸ್ಸು ಕರುಳಲ್ಲೂ ಬೆಳೆಯುತ್ತದೆ. ಆಗ ಆ ಅಂಗಾಂಶ, ಅಕ್ಕಪಕ್ಕದ ಗ್ರಂಥಿಗಳು ಊದಿಕೊಳ್ಳುತ್ತವೆ. ಕರುಳು ತನ್ನ ಪಾಡಿಗೆ ಅಲೆ ಅಲೆಯಾಗಿ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಿರುತ್ತದಲ್ಲ, ಊದಿದ ಆ ಭಾಗವನ್ನೂ ಆಹಾರ ಎಂದುಕೊಂಡು ತಳ್ಳಿಬಿಡುತ್ತದೆ. ತುಂಬುತೋಳಿನ ಅಂಗಿ ಬಿಚ್ಚುವಾಗ ತೋಳು ತನ್ನೊಳಗೇ ಮಡಚಿಕೊಂಡು ಹೋದಂತೆ ಸಣ್ಣ ಕರುಳು ದೊಡ್ಡ ಕರುಳಿನೊಳಗೆ ಜಾರುತ್ತದೆ. ಜೊತೆಗೆ ತನ್ನ ರಕ್ತನಾಳಗಳನ್ನೂ ಎಳೆದುಕೊಂಡು ಹೋಗುತ್ತದೆ, ಅಪಾಯ ಇರುವುದು ಅಲ್ಲೇ. ರಕ್ತ ಹಿಂದಿರುಗುವ ದಾರಿ ಮೊದಲು ಕಟ್ಟುತ್ತದೆ, ಕರುಳು ಬಾತುಕೊಳ್ಳುತ್ತದೆ, ಒಳಪದರದಿಂದ ಲೋಳೆ ಮತ್ತು ರಕ್ತ ಜಿನುಗುತ್ತದೆ. ಹಾಗೇ ಬಿಟ್ಟರೆ ಆ ತುಂಡು ಸತ್ತು ತೂತಾಗಬಹುದು.

ಎಲ್ಲ ಮಕ್ಕಳಿಗೂ ನೆಗಡಿ ಬರುತ್ತದೆ, ಇದು ಬರುವುದು ಬೆರಳೆಣಿಕೆಯ ಮಕ್ಕಳಿಗೆ. ಜಾಗತಿಕ ಅಂದಾಜಿನಲ್ಲಿ ವರ್ಷದೊಳಗಿನ 1 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 74 ಮಂದಿಗೆ.

ಈಗ ಆ ಅಳುವಿನ ವಿಷಯ. ಇದನ್ನು ಓದುವ ಬೇರೆ ತಂದೆತಾಯಿಯರಿಗೂ ಬೇಕಾಗುತ್ತದೆ ಎಂದು ವಿವರವಾಗಿ ಬರೆಯುತ್ತಿದ್ದೇನೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕಿರುಚಿಕೊಳ್ಳುತ್ತದೆ, ಎರಡೂ ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಕೆಲವು ನಿಮಿಷಕ್ಕೆ ಸುಮ್ಮನಾಗುತ್ತದೆ. ನಗಲೂಬಹುದು. ಹದಿನೈದು ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಿರುಚಾಟ. ನಡುವಿನ ಆ ನೆಮ್ಮದಿಯೇ ಎಲ್ಲರನ್ನೂ ಮೋಸಗೊಳಿಸುವುದು. ಗ್ರೈಪ್ ವಾಟರ್ ಕುಡಿಸಿದ್ದಕ್ಕೆ, ಹೊಕ್ಕುಳಿಗೆ ಹಿಂಗು ಹಚ್ಚಿದ್ದಕ್ಕೆ, ದೃಷ್ಟಿ ತೆಗೆದಿದ್ದಕ್ಕೆ ಸರಿಹೋಯಿತು ಅನ್ನಿಸುತ್ತದೆ. ಅದು ತಾನಾಗೇ ನಿಂತಿರುತ್ತದೆ. ಲೋಳೆ ಬೆರೆತ ಕೆಂಪು ಮಲ ಕಂಡಾಗ ‘ರಕ್ತಭೇದಿ’ ಎಂದು ಆ್ಯಂಟಿಬಯೋಟಿಕ್ ಸಿರಪ್ ತರುವವರೂ ಇದ್ದಾರೆ. ಬಿಟ್ಟು ಬಿಟ್ಟು ಬರುವ ನೋವು, ವಾಂತಿ, ರಕ್ತದ ಮಲ ಮೂರೂ ಒಟ್ಟಿಗೆ ಕಾಣುವುದು ಅರ್ಧಕ್ಕಿಂತ ಕಡಿಮೆ ಮಕ್ಕಳಲ್ಲಿ, ಹಾಗಾಗಿ ಕೆಂಪು ಕಾಣಲಿ ಎಂದು ಕಾಯಬಾರದು. ಕೆಲವು ಮಕ್ಕಳು ಅಳುವುದೇ ಇಲ್ಲ, ಸುಮ್ಮನೆ ಮಂಕಾಗಿ ತೂಕಡಿಸುತ್ತಿರುತ್ತವೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಮಕ್ಕಳೇ. ವಾಂತಿ ಹಸಿರಾದರಂತೂ ಯಾವ ಹೊತ್ತಾದರೂ ಸರಿ, ಸ್ಕ್ಯಾನಿಂಗ್ ಇರುವ, ಮಕ್ಕಳ ಸರ್ಜನ್ ಸಿಗುವ ಆಸ್ಪತ್ರೆಗೇ ಹೊರಡಿ. ದಾರಿಯಲ್ಲಿ ಹಾಲು, ನೀರು ಏನೂ ಬೇಡ.

ಸ್ಕ್ಯಾನಿನಲ್ಲಿ ಇದು ಅಡಗಿ ಕೂರುವ ಕಾಯಿಲೆಯಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟರೆ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಕರುಳು ತೂತಾಗಿಲ್ಲ, ಮಗು ಶಾಕ್ (ರಕ್ತಸಂಚಾರ ಕುಸಿದ) ಸ್ಥಿತಿಯಲ್ಲಿಲ್ಲ ಎಂದು ಖಚಿತವಾದ ಮೇಲೆ, ಸರ್ಜನ್ ಪಕ್ಕದಲ್ಲಿರುವಾಗ, ಗುದದ್ವಾರಕ್ಕೆ ಮೆತ್ತನೆಯ ಟ್ಯೂಬ್ ಹಾಕಿ ಬೆಚ್ಚಗಿನ ಸಲೈನ್ ಬಿಡುತ್ತೇವೆ. ಬಾಟಲಿಯನ್ನು ಸುಮಾರು ಮೂರು ಅಡಿ ಎತ್ತರಕ್ಕೆ ತೂಗುಹಾಕುವುದು, ಅಷ್ಟೇ. ಒತ್ತಡ ಬರುವುದು ಆ ಎತ್ತರದಿಂದ. ಪರದೆಯ ಮೇಲೆ ನೀರು ದೊಡ್ಡ ಕರುಳನ್ನು ತುಂಬುತ್ತಾ ಬಂದು ಆ ಗಂಟಿಗೆ ತಾಗಿ ನಿಲ್ಲುತ್ತದೆ. ಗಂಟು ಹಿಂದೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಅಪೆಂಡಿಕ್ಸ್ ಇರುವ ಮೂಲೆಯಲ್ಲಿ ಬಹಳ ಹೊತ್ತು ಹಟ ಹಿಡಿಯುವುದು ಮಾಮೂಲು. ಆಮೇಲೆ ಒಮ್ಮೆಲೇ ನೀರು ಸಣ್ಣ ಕರುಳಿಗೆ ನುಗ್ಗುತ್ತದೆ, ಉಂಗುರ ಮಾಯ. ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ ಇಷ್ಟರಲ್ಲೇ ಮುಗಿಯುತ್ತದೆ, ಉಳಿದವರಿಗೆ ಆಪರೇಷನ್. ಕೆಲವು ಕಡೆ ನೀರಿನ ಬದಲು ಗಾಳಿ ಬಳಸುತ್ತಾರೆ. ಉಪಾಯ ಹೊಸದೇನಲ್ಲ, ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರಂಗ್ 1876ರಲ್ಲೇ ನೀರಿನ ಒತ್ತಡದ ಚಿಕಿತ್ಸೆಯ ಬಗ್ಗೆ ಬರೆದಿದ್ದರು.

ರಾಗಿ ಸರಿಯನ್ನು ಬಿಟ್ಟುಬಿಡಿ. ಈ ತೊಂದರೆ ಹೆಚ್ಚು ಕಾಣುವುದು ನಾಲ್ಕರಿಂದ ಒಂಬತ್ತು ತಿಂಗಳಲ್ಲಿ, ಸರಿ ಶುರುವಾಗುವುದೂ ಅದೇ ವಯಸ್ಸಿನಲ್ಲಿ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗಿ ಒಂದರ ಹಿಂದೊಂದು ನೆಗಡಿ ಹಿಡಿಯುವುದೂ ಆಗಲೇ. ಅತ್ತೆಗೆ ಕಣ್ಣಿಗೆ ಬಿದ್ದದ್ದು ಬಟ್ಟಲು ಮಾತ್ರ.

ಲಸಿಕೆಯ ಅನುಮಾನ ಗಾಳಿಮಾತಲ್ಲ, ಯಜಮಾನರನ್ನು ಬೈಯಬೇಡಿ. ಅಮೆರಿಕದಲ್ಲಿ 1998ರಲ್ಲಿ ಬಂದ ರೋಟಾಶೀಲ್ಡ್ ಎಂಬ ರೋಟಾ ಲಸಿಕೆ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಇದೇ ತೊಂದರೆ ತರುತ್ತದೆ ಎಂದು ಗೊತ್ತಾಗಿ 1999ರಲ್ಲಿ ಅದನ್ನು ವಾಪಸ್ ಪಡೆದರು. ಈಗಿನ ಲಸಿಕೆಗಳು ಬೇರೆ. ಕೆಲವು ದೇಶಗಳಲ್ಲಿ ಅವುಗಳಿಂದಲೂ ತೀರಾ ಸಣ್ಣ ಅಪಾಯ ಕಂಡಿದೆ, ಅದೂ ಮುಖ್ಯವಾಗಿ ಡೋಸ್ ಹಾಕಿದ ವಾರದೊಳಗೆ. ನಮ್ಮ ದೇಶದಲ್ಲಿ 2016ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ ರೋಟಾವ್ಯಾಕ್ ಎಂಬ ಲಸಿಕೆಯ ಮೇಲೆ ಹಲವು ಆಸ್ಪತ್ರೆಗಳು ಕಣ್ಣಿಟ್ಟು 2020ರಲ್ಲಿ ಫಲಿತಾಂಶ ಪ್ರಕಟಿಸಿದವು, ಸಂಬಂಧ ಕಾಣಲಿಲ್ಲ. ಇಲ್ಲಿ ಡೋಸ್ ಕೊಡುವುದು 6, 10, 14ನೇ ವಾರಕ್ಕೆ. ನಿಮ್ಮ ಮಗುವಿಗೆ ಕೊನೆಯ ಹನಿ ಬಿದ್ದು ತಿಂಗಳುಗಳೇ ಆಗಿವೆ.

ಮತ್ತೆ ಬರಬಹುದೇ? ಹತ್ತರಲ್ಲಿ ಒಬ್ಬರಿಗೆ ಬರುತ್ತದೆ, ಕೆಲವರಿಗೆ ಮೊದಲ ಎರಡು ದಿನಗಳಲ್ಲೇ. ಬಂದರೆ ಇದೇ ನೀರಿನ ಚಿಕಿತ್ಸೆ ಮತ್ತೆ ಮಾಡಬಹುದು. ಪದೇ ಪದೇ ಬಂದರೆ, ಅಥವಾ ಎರಡು ವರ್ಷ ದಾಟಿದ ಮೇಲೆ ಬಂದರೆ, ಕರುಳಲ್ಲಿ ಪಾಲಿಪ್ (ಒಳಪದರದ ಸಣ್ಣ ಗಡ್ಡೆ) ಅಥವಾ ಹುಟ್ಟಿನಿಂದ ಬಂದ ಚೀಲ ಏನಾದರೂ ಇದೆಯಾ ಎಂದು ಹುಡುಕುತ್ತಾರೆ. ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ: ಈ ತೊಂದರೆ ಆದ ಮಗುವಿಗೆ ಮುಂದೆ ರೋಟಾ ಲಸಿಕೆ ಕೊಡುವುದಿಲ್ಲ. ನಿಮ್ಮದು ಹೇಗೂ ಮುಗಿದಿದೆ. ಮುಂದೆ ಇನ್ನೊಂದು ಮಗು ಹುಟ್ಟಿದರೆ ಅದಕ್ಕೆ ಹನಿ ಹಾಕಿಸಲು ಅಡ್ಡಿಯಿಲ್ಲ.