380 ಮಂದಿ ರೈತರ ವಾಟ್ಸಾಪ್ ಗ್ರೂಪ್: ದರ, ರೋಗದ ಮಾಹಿತಿ ಹೂತುಹೋಗದ ಹಾಗೆ ನಡೆಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಹಾವೇರಿ ಜಿಲ್ಲೆಯ ರೈತ ಉತ್ಪಾದಕ ಕಂಪನಿ, 380 ಸದಸ್ಯರು, ಹೆಚ್ಚಿನವರು ಮೆಣಸಿನಕಾಯಿ ಬೆಳೆಯೋರು, ಎಲ್ಲರಿಗೂ ಸೇರಿ ಒಂದೇ ವಾಟ್ಸಾಪ್ ಗ್ರೂಪ್. ಬ್ಯಾಡಗಿ ದರ, ಬೆಳೆ ರೋಗ, ಗೊಬ್ಬರದ ಸುದ್ದಿ ಎಲ್ಲ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗ್ತದೆ. ಬರೆಯೋರು ನಾಲ್ಕೇ ಜನ, ಉಳಿದವರು ತುಟಿ ಬಿಚ್ಚೋದಿಲ್ಲ. ಬೇರೆ ಆ್ಯಪ್ ಮಾಡಿಸಬೇಕಾ?

ಆ್ಯಪ್ ಮಾಡಿಸಬೇಡ್ರಿ. ರೈತನ ಫೋನಿನಲ್ಲಿ ಮೊದಲೇ ಜಾಗ ಇರೋದಿಲ್ಲ. ಇನ್ನೊಂದು ಪಾಸ್‌ವರ್ಡ್ ನೆನಪಿಡೋ ಉಮೇದೂ ಇರೋದಿಲ್ಲ. ಇದ್ದ ವಾಟ್ಸಾಪನ್ನೇ ಸರಿಯಾಗಿ ಒಡೆದು ಕಟ್ಟಿದರೆ ಸಾಕು. ನಿಮ್ಮ ಗ್ರೂಪಿನ ರೋಗ ಒಂದೇ: ಹರಿಯೋ ಕಾಲುವೆಯನ್ನು ಕಣಜ ಅಂದುಕೊಂಡಿದ್ದೀರಿ. ಗ್ರೂಪಿಗೆ ಬಿದ್ದ ಮಾತು ಹರಿದು ಮುಂದೆ ಹೋಗ್ತದೆ. ಹೊಸದಾಗಿ ಸೇರಿದವನಿಗೆ ಹಿಂದಿನದು ತಾನಾಗಿ ಕಾಣಿಸೋದಿಲ್ಲ. ಪತ್ತಿನ ಸಂಘದಲ್ಲಿ ಮಾತು ಎಷ್ಟೇ ಆಗಲಿ, ಕೊನೆಗೆ ಠರಾವು ಪುಸ್ತಕದಲ್ಲಿ ಬರೆದದ್ದೇ ಉಳಿಯೋದು. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದವರಿಗೆ ಇದು ಗೊತ್ತಿತ್ತು. ನಿಮ್ಮ ಗ್ರೂಪಿಗೆ ಆ ಪುಸ್ತಕವೇ ಇಲ್ಲ.

ಮೊದಲು ನಾಲ್ಕೇ ಜನ ಬರೆಯೋ ವಿಷಯ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ್ರಿ. ಆನ್‌ಲೈನ್ ಗುಂಪುಗಳಲ್ಲಿ ಸುಮಾರಾಗಿ ನೂರಕ್ಕೆ 90 ಮಂದಿ ಬರೀ ಓದ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೀತಾರೆ, ಒಬ್ಬ ಮಾತ್ರ ಸದಾ ಬರೀತಾನೆ ಅನ್ನೋ ಲೆಕ್ಕವನ್ನು ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲೇ ಬರೆದಿದ್ದರು. 380ಕ್ಕೆ ಹಚ್ಚಿ ನೋಡ್ರಿ: ಸದಾ ಬರೆಯೋರು ನಾಲ್ಕು, ಆಗೀಗ ಬರೆಯೋರು 34. ನಿಮ್ಮ ಗ್ರೂಪ್ ಲೆಕ್ಕದ ಪ್ರಕಾರವೇ ನಡೀತಿದೆ. ಸುಮ್ಮನೆ ಇದ್ದವನು ಕಲಿಯೋದಿಲ್ಲ ಅಂತಲ್ಲ, ಓದಿ ಹೊಲಕ್ಕೆ ಹೋಗಿ ಮಾಡ್ತಾನೆ. ನೀವು ಗಮನ ಕೊಡಬೇಕಾದದ್ದು ಆ 34 ಮಂದಿಗೆ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಅದಕ್ಕೆ ಕಾರಣ ಇರ್ತದೆ.

ಆ ಕಾರಣ ಬಹಳ ಸಲ ಗ್ರೂಪಿನ ಒಳಗೇ ಕೂತಿರ್ತದೆ. ಸದಸ್ಯರ ಪಟ್ಟಿ ತೆಗೆದು ನೋಡ್ರಿ: ದಲಾಲಿ ಅಂಗಡಿಯವರು, ಔಷಧ ಅಂಗಡಿಯವರು ಎಷ್ಟು ಮಂದಿ ಇದ್ದಾರೆ? ದಲಾಲರ ಹತ್ತಿರ ಮುಂಗಡ ತಂದ ರೈತ, ಅದೇ ದಲಾಲ ಓದೋ ಗ್ರೂಪಿನಲ್ಲಿ "ನನ್ನ ಕಾಯಿಗೆ ಇಷ್ಟೇ ಬಿತ್ತು" ಅಂತ ಬರೆಯೋದಿಲ್ಲ. ಔಷಧದ ಉದ್ರಿ ಇದ್ದವನು "ಈ ಔಷಧ ಹೊಡೆದೆ, ಏನೂ ಆಗಲಿಲ್ಲ" ಅನ್ನೋದಿಲ್ಲ. ವ್ಯಾಪಾರಸ್ಥರನ್ನು ಹೊರಗೆ ಹಾಕ್ರಿ ಅಂತ ಹೇಳ್ತಿಲ್ಲ, ಅವರ ಹತ್ತಿರವೂ ಕಲಿಯೋದು ಬಹಳ ಇದೆ. ಆದರೆ ರೈತರು ರೈತರಿಗೇ ಹೇಳಿಕೊಳ್ಳೋ ಜಾಗ ಬೇರೆ ಇರಬೇಕು.

ಅದಕ್ಕೇ ವಾಟ್ಸಾಪಿನ ಕಮ್ಯುನಿಟಿ, ಅಂದರೆ ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ಇಡೋ ಸೌಲಭ್ಯ, ಬಳಸಿ ಮೂರು ಭಾಗ ಮಾಡ್ರಿ. ಕಮ್ಯುನಿಟಿ ಮಾಡಿದ ಕೂಡಲೇ ಒಂದು ಅನೌನ್ಸ್‌ಮೆಂಟ್ ಗ್ರೂಪ್ ತಾನೇ ಬರ್ತದೆ. ಅದರಲ್ಲಿ ಅಡ್ಮಿನ್ ಮಾತ್ರ ಬರೆಯೋದು, ಸದಸ್ಯರ ಮೊಬೈಲ್ ನಂಬರ್ ಒಬ್ಬರಿಗೊಬ್ಬರಿಗೆ ಕಾಣೋದಿಲ್ಲ. ದರ ಮತ್ತು ಕಂಪನಿ ಸುದ್ದಿ ಅಲ್ಲಿಗೆ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎರಡನೆಯದು "ಬೆಳೆ ಪ್ರಶ್ನೆ", ರೈತರು ಮಾತ್ರ. ಮೂರನೆಯದಕ್ಕೆ "ಕಟ್ಟೆ" ಅಂತ ಹೆಸರಿಡ್ರಿ: ಗುಡ್ ಮಾರ್ನಿಂಗ್, ಜಾತ್ರೆ, ಎತ್ತಿನ ವಿಡಿಯೊ ಎಲ್ಲ ಅಲ್ಲಿ. ಕಟ್ಟೆ ಬೇಡ ಅನ್ನೋ ಅಡ್ಮಿನ್‌ಗಳು ಇರ್ತಾರೆ. ಅವರ ಮಾತು ಕೇಳಬೇಡ್ರಿ. ಹರಟೆಗೆ ಜಾಗ ಕೊಡದೆ "ಇಲ್ಲಿ ಹಾಕಬೇಡಿ" ಅಂತ ಬೈದರೆ ಅದು ಮತ್ತೆ ದರದ ಗ್ರೂಪಿಗೇ ನುಗ್ಗತದೆ.

ಈಗ ದರ. ತಪ್ಪು ಹೆಚ್ಚಾಗೋದು ಇಲ್ಲೇ, ಯಾಕಂದರೆ ಗ್ರೂಪಿನಲ್ಲಿ ಓಡಾಡೋದು ಯಾವಾಗಲೂ ಗರಿಷ್ಠ ದರ. ಅಂದಾಜಿಗೆ ಒಂದು ಲೆಕ್ಕ: 100 ಲಾಟಿನಲ್ಲಿ (ಒಟ್ಟಿಗೆ ಮಾರಾಟಕ್ಕೆ ಇಟ್ಟ ಚೀಲಗಳ ರಾಶಿಗೆ ಲಾಟು ಅಂತಾರೆ) 2 ಲಾಟಿಗೆ ಕ್ವಿಂಟಲ್‌ಗೆ 45,000 ಬಿತ್ತು, 70 ಲಾಟಿಗೆ 22,000 ಸುತ್ತಮುತ್ತ, ಉಳಿದವಕ್ಕೆ ಇನ್ನೂ ಕಡಿಮೆ. ಫೋಟೊ ಬರೋದು ಮಾತ್ರ 45,000ದ್ದು. ಅದನ್ನು ನೋಡಿ ಹಸಿ ಆರದ ಕಾಯಿ ತುಂಬಿಕೊಂಡು ಬಂದವನಿಗೆ 18,000 ಬಿದ್ದರೆ ತಾನು ಮೋಸ ಹೋದೆ ಅಂತಲೇ ಅನಿಸ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರಂದು ದರ ಕುಸಿತದ ಸಿಟ್ಟು ಎಪಿಎಂಸಿ ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ ಬೀಳೋ ಮಟ್ಟಕ್ಕೆ ಹೋಗಿತ್ತು. ಅದಕ್ಕೆ ಗ್ರೂಪುಗಳೇ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ದರದ ಮಾತು ಎಷ್ಟು ಬಿಸಿ ಅನ್ನೋದು ಗ್ರೂಪ್ ನಡೆಸೋರ ತಲೆಯಲ್ಲಿ ಇರಬೇಕು.

ಹಾಗಾಗಿ ದರಕ್ಕೆ ಒಂದೇ ನಮೂನೆ, ಬೇರೆ ಯಾವುದೂ ಬೇಡ:

ದರ, ಬ್ಯಾಡಗಿ, ವಾರ, ತಾರೀಖು
ಡಬ್ಬಿ: ಕನಿಷ್ಠ, ಗರಿಷ್ಠ, ಮಾದರಿ
ಕಡ್ಡಿ: ಕನಿಷ್ಠ, ಗರಿಷ್ಠ, ಮಾದರಿ
ಗುಂಟೂರು: ಕನಿಷ್ಠ, ಗರಿಷ್ಠ, ಮಾದರಿ
ಆವಕ: ಎಷ್ಟು ಚೀಲ
ಮೂಲ: ಎಪಿಎಂಸಿ ವರದಿಯೋ, ಸದಸ್ಯರ ಮಾರಾಟ ಪಟ್ಟಿಯೋ

ಡಬ್ಬಿ, ಕಡ್ಡಿ, ಗುಂಟೂರು ಅಂದರೆ ಮೆಣಸಿನಕಾಯಿಯ ಬಗೆಗಳು. ಮಾದರಿ ದರ ಅಂದರೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಮೂರೂ ಸಿಗ್ತವೆ. ಸದಸ್ಯರು ಮಾರಾಟ ಪಟ್ಟಿಯ ಫೋಟೊ ಕಳಿಸೋದಿದ್ದರೆ ಗ್ರೂಪಿಗೆ ಬೇಡ, ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಲಿ. ಪಟ್ಟಿಯಲ್ಲಿ ರೈತನ ಹೆಸರು, ಊರು, ದಲಾಲಿ ಅಂಗಡಿ, ಕೈಗೆ ಬಂದ ಮೊತ್ತ ಎಲ್ಲ ಇರ್ತದೆ. ಅಡ್ಮಿನ್ ದರ, ತಳಿ, ಒಣಗಿದ ಮಟ್ಟ ಇಷ್ಟನ್ನೇ ಎತ್ತಿ ಬರೀಬೇಕು. ಒಣಗಿದ ಮಟ್ಟ ಬರೆಯದೆ ಹೋದರೆ ದರ ಹೋಲಿಸಿ ಉಪಯೋಗವಿಲ್ಲ, ಸರಿಯಾಗಿ ಆರಿದ ಕಾಯಿಗೂ ಹಸಿ ಕಾಯಿಗೂ ಒಂದೇ ದರ ಬೀಳೋದಿಲ್ಲ.

ಯಾವ ಹೊತ್ತಿಗೆ ಹಾಕಬೇಕು ಅನ್ನೋದೂ ಮುಖ್ಯ. ಕೇರಳದ ಮೀನುಗಾರರಿಗೆ 1997ರಿಂದ 2001ರ ನಡುವೆ ಮೊಬೈಲ್ ಬಂದ ಮೇಲೆ ಏನಾಯಿತು ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮಾರಾಟವಾಗದೆ ಮೀನು ಚೆಲ್ಲೋದು ನಿಂತಿತು, ಮೀನುಗಾರರ ಲಾಭ ಸರಾಸರಿ 8% ಏರಿತು, ಕೊಳ್ಳೋರಿಗೆ ದರ 4% ಇಳಿಯಿತು. ಇದನ್ನು ಓದಿ "ಮಾಹಿತಿ ಸಿಕ್ಕರೆ ಲಾಭ" ಅಂತ ಅಷ್ಟಕ್ಕೇ ಬಿಡ್ತಾರೆ. ಅವರಿಗೆ ಲಾಭ ಆದದ್ದು ದೋಣಿ ಇನ್ನೂ ಸಮುದ್ರದಲ್ಲಿರುವಾಗಲೇ ಫೋನ್ ಮಾಡಿ, ಯಾವ ದಡಕ್ಕೆ ಹೋಗಬೇಕು ಅಂತ ತೀರ್ಮಾನ ಬದಲಿಸೋಕೆ ಆಗ್ತಿತ್ತು ಅನ್ನೋದಕ್ಕೆ. ನಿಮ್ಮ ರೈತ ಚೀಲ ಗಾಡಿಗೆ ಹೇರಿ, ಬಾಡಿಗೆ ಕೊಟ್ಟು, ದಲಾಲಿ ಅಂಗಡಿ ಮುಂದೆ ಇಳಿಸಿದ ಮೇಲೆ ದರ ತಿಳಿದರೆ ಏನು ಮಾಡ್ತಾನೆ? ಟೆಂಡರ್ ದರ ಒಪ್ಪದೆ ಬಿಡೋ ಹಕ್ಕು ಅವನಿಗಿದೆ, ಆದರೆ ವಾಪಸ್ ಬಾಡಿಗೆ ಯಾರು ಕೊಡಬೇಕು? ಅದಕ್ಕೇ ಬ್ಯಾಡಗಿಯ ಸೋಮವಾರ, ಗುರುವಾರದ ಸಂತೆ ಮುಗಿದ ಸಂಜೆಯೇ ದರ ಹಾಕ್ರಿ, ಮುಂದಿನ ಸಂತೆಗೆ ಒಯ್ಯಬೇಕೋ, ಇನ್ನೆರಡು ದಿನ ಕಣದಲ್ಲಿ ಆರಿಸಬೇಕೋ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡೋಕೆ ಆಗಬೇಕು. ಸಂತೆಯ ದಿನ ನಡುಮಧ್ಯಾಹ್ನ ಬರೋ ಅರೆಬರೆ ದರ ಬರೀ ಎದೆ ಬಡಿತ ಹೆಚ್ಚಿಸ್ತದೆ.

ಫಾರ್ವರ್ಡ್ ಆಗಿ ಬಂದ ದರಕ್ಕೆ ಒಂದು ಕಟ್ಟುನಿಟ್ಟು: ತಾರೀಖು ಇಲ್ಲದಿದ್ದರೆ ಅಡ್ಮಿನ್ ಅಳಿಸಬೇಕು. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕ್ತದೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸೋಕೆ ಬರ್ತದೆ. ಆದರೆ ಇದನ್ನೇ ನಂಬಿ ಕೂಡಬೇಡ್ರಿ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಬಾಣವೂ ಇಲ್ಲ, ಮೂಲವೂ ಇಲ್ಲ, ಹೋದ ವರ್ಷದ ದರ ಇವತ್ತಿನದಾಗಿ ಬಂದು ಕೂತಿರ್ತದೆ.

ಬೆಳೆ ಪ್ರಶ್ನೆಗೆ ಬರೋಣ. "ಎಲೆ ಮುಟುರಾಗಿದೆ, ಏನು ಹೊಡೀಲಿ?" ಅಂತ ಒಂದು ಮಸುಕು ಫೋಟೊ ಬರ್ತದೆ, ಹತ್ತು ನಿಮಿಷದಲ್ಲಿ ಐದು ಔಷಧದ ಹೆಸರು ಬರ್ತವೆ. ಐದೂ ತಪ್ಪಿರಬಹುದು. ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ ಬಿದ್ದರೆ ಎಲೆ ಅಂಚು ಮೇಲಕ್ಕೆ ಸುರುಳುತ್ತದೆ, ದೋಣಿಯ ಹಾಗೆ. ಮೈಟ್ ಬಿದ್ದರೆ ಕೆಳಕ್ಕೆ, ಬೋರಲು ಹಾಕಿದ ದೋಣಿಯ ಹಾಗೆ, ತೊಟ್ಟೂ ಉದ್ದವಾಗ್ತದೆ. ನಮ್ಮ ಮಂದಿ ಎರಡಕ್ಕೂ ನುಸಿ ಅಂತಲೇ ಅಂತಾರೆ, ಗೊಂದಲ ಶುರುವಾಗೋದೇ ಆ ಒಂದು ಮಾತಿನಿಂದ. ಮೈಟ್ ಕೀಟವೇ ಅಲ್ಲ, ಜೇಡದ ಬಳಗದ್ದು. ಥ್ರಿಪ್ಸ್‌ಗೆ ಹೊಡೆಯೋ ಎಷ್ಟೋ ಔಷಧ ಅದಕ್ಕೆ ತಾಗೋದೇ ಇಲ್ಲ. ಆದ್ದರಿಂದ ಪ್ರಶ್ನೆ ಹಾಕೋನು ಮೂರು ಫೋಟೊ ಹಾಕಬೇಕು: ಇಡೀ ಗಿಡ, ತುದಿಯ ಎಲೆ, ಅದೇ ಎಲೆಯ ಹಿಂಬದಿ. ಕಳಿಸುವಾಗ ಎಚ್‌ಡಿ ಆರಿಸಬೇಕು, ಇಲ್ಲದಿದ್ದರೆ ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಎಲೆಯ ಹಿಂದಿನ ಹುಳ ಕಾಣದ ಹಾಗೆ ಮಾಡ್ತದೆ. ಜೊತೆಗೆ ನಾಲ್ಕು ಮಾತು: ಅಗಿ ಹಚ್ಚಿ ಎಷ್ಟು ದಿನ, ತಳಿ ಯಾವುದು, ಕೊನೆಗೆ ಹೊಡೆದದ್ದು ಏನು, ಯಾವಾಗ.

ಉತ್ತರ ಕೊಡೋರಿಗೂ ನಿಯಮ ಇರಲಿ. ಪ್ರಮಾಣ ಬರೆಯುವಾಗ "ಒಂದು ಲೀಟರ್ ನೀರಿಗೆ" ಅಂತ ಪೂರ್ತಿ ಬರೀಬೇಕು. "1 ಎಂಎಲ್ ಸಾಕು" ಅಂತ ಬಿಟ್ಟರೆ ಒಬ್ಬ ಲೀಟರಿಗೆ ಅಂದುಕೊಳ್ತಾನೆ, ಇನ್ನೊಬ್ಬ ಪಂಪಿಗೆ ಅಂದುಕೊಳ್ತಾನೆ. 16 ಲೀಟರ್ ಪಂಪಿನಲ್ಲಿ ಅದು 16 ಪಟ್ಟು ವ್ಯತ್ಯಾಸ. ಧ್ವನಿ ಸಂದೇಶದಲ್ಲಿ ಪ್ರಮಾಣ ಹೇಳೋದನ್ನಂತೂ ಪೂರ್ತಿ ನಿಲ್ಲಿಸ್ರಿ, ಹೊಲದ ಗಾಳಿಯಲ್ಲಿ ಎರಡೂ ಹತ್ತೂ ಒಂದೇ ಕೇಳಿಸ್ತವೆ. ಗ್ರೂಪಿನ ಉತ್ತರವನ್ನು ಸಂಶಯ ಅಂತಲೇ ತಿಳಿದು, ಖಾತ್ರಿಗೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೋ ಕೇಳ್ರಿ. ಗದಗ ಕಡೆಯವರಿಗೆ ಹುಲಕೋಟಿ ಕೇಂದ್ರ ಇದೆ. ಕೇಂದ್ರದವರು ಹೇಳಿದ್ದನ್ನು ತಂದು ಅದೇ ಪ್ರಶ್ನೆಗೆ ರಿಪ್ಲೈ ಆಗಿ ಹಾಕಿದರೆ ಸರಪಳಿ ಕಡಿಯೋದಿಲ್ಲ. ಹತ್ತು ದಿನ ಬಿಟ್ಟು ಕೇಳಿದವನೇ "ಹೊಡೆದೆ, ಹೀಗಾಯಿತು" ಅಂತ ಬರೀಬೇಕು. ಈ ಕೊನೇ ಹೆಜ್ಜೆ ಯಾವ ಗ್ರೂಪಿನಲ್ಲೂ ಆಗೋದಿಲ್ಲ, ಆದರೆ ಕಲಿಕೆ ಇರೋದೇ ಅಲ್ಲಿ. ಅಡ್ಮಿನ್ ತಾರೀಖು ಬರೆದಿಟ್ಟುಕೊಂಡು ಫೋನ್ ಮಾಡಿ ಕೇಳಬೇಕಾಗ್ತದೆ, ಬೇರೆ ದಾರಿ ಇಲ್ಲ.

ಇನ್ನು ಠರಾವು ಪುಸ್ತಕ. ಒಂದು ಗೂಗಲ್ ಶೀಟ್ ಮಾಡ್ರಿ, ಎರಡು ಹಾಳೆ: ಒಂದರಲ್ಲಿ ಮೇಲಿನ ದರದ ನಮೂನೆ, ಇನ್ನೊಂದರಲ್ಲಿ ತಾರೀಖು, ಊರು, ಬೆಳೆಯ ವಯಸ್ಸು, ಲಕ್ಷಣ, ಹೇಳಿದ ಉಪಾಯ, ಹೇಳಿದವರು, ಫಲಿತಾಂಶ. ಬರೆಯೋ ಅಧಿಕಾರ ಇಬ್ಬರಿಗೆ, ಉಳಿದವರಿಗೆ ನೋಡೋದಷ್ಟೇ. ಎಲ್ಲರಿಗೂ ಎಡಿಟ್ ಕೊಟ್ಟರೆ ಯಾರದೋ ಹೆಬ್ಬೆರಳು ತಾಗಿ ಒಂದು ಸಾಲು ಹೋಗಿಬಿಡ್ತದೆ, ಹೋದದ್ದು ಯಾರಿಗೂ ತಿಳಿಯೋದಿಲ್ಲ. ಶೀಟಿನ ಲಿಂಕನ್ನು ಅನೌನ್ಸ್‌ಮೆಂಟ್ ಗ್ರೂಪಿನ ವಿವರಣೆಯಲ್ಲಿ ಇಡ್ರಿ. ಪಿನ್ ಮಾಡಿದರೆ ಹೆಚ್ಚೆಂದರೆ 30 ದಿನ ನಿಲ್ತದೆ, ವಿವರಣೆ ಹಾಗೇ ಉಳೀತದೆ.

ಹುಡುಕೋಕೆ ಒಂದೇ ಕಾಗುಣಿತ ಗೊತ್ತು ಮಾಡ್ರಿ. ಒಬ್ಬ "ಮುಟುರು" ಅಂತ, ಇನ್ನೊಬ್ಬ "ಮುರುಟು" ಅಂತ, ಮೂರನೆಯವನು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀತಾನೆ. ಹುಡುಕಾಟದ ಪೆಟ್ಟಿಗೆಗೆ ಇವು ಮೂರೂ ಬೇರೆ ಬೇರೆ. ಹತ್ತು ಹದಿನೈದು ಪದ ಸಾಕು: ಮುಟುರು, ಹಣ್ಣುಕೊಳೆ, ಬೂದಿರೋಗ ಹೀಗೆ. ಶೀಟಿಗೆ ಹಾಕೋರು ಅದೇ ಪದ ಬಳಸಬೇಕು, ರೈತ ಹೇಗೆ ಬೇಕಾದರೂ ಬರೆಯಲಿ.

ಸಹಾಯಧನದ ಹೆಸರಿನಲ್ಲಿ, ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕೋ ಫೈಲ್) ಬಂದರೆ ಯಾರೂ ಒತ್ತಬಾರದು, ಅಡ್ಮಿನ್ ಆ ಕೂಡಲೇ ಅಳಿಸಬೇಕು. ಒತ್ತಿ ಖಾತೆಯಿಂದ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ಎರಡು ಸಾಲನ್ನು ಗ್ರೂಪಿನ ವಿವರಣೆಯಲ್ಲೇ ಬರೆದುಬಿಡ್ರಿ.

ಕೊನೆಗೆ ಬೀಗದಕೈ ಯಾರ ಹತ್ತಿರ ಅನ್ನೋದು. ಮೂರು ಗ್ರೂಪಿಗೂ ಕನಿಷ್ಠ ಇಬ್ಬರು ಅಡ್ಮಿನ್ ಇರಲಿ. ಗ್ರೂಪಿನಿಂದ ಒಬ್ಬನೇ ಅಡ್ಮಿನ್ ಹೊರಗೆ ಹೋದರೆ ವಾಟ್ಸಾಪ್ ಸದಸ್ಯರಲ್ಲಿ ಯಾರನ್ನೋ ತಾನೇ ಅಡ್ಮಿನ್ ಮಾಡಿಬಿಡ್ತದೆ, ಅದು ಔಷಧ ಅಂಗಡಿಯವರೇ ಆಗಿರಬಹುದು. ಶೀಟ್ ಇರೋ ಗೂಗಲ್ ಖಾತೆ ಕಂಪನಿಯ ಹೆಸರಿನಲ್ಲಿ ಇರಲಿ, ಸಿಇಒನ ಸ್ವಂತ ಖಾತೆಯಲ್ಲಿ ಬೇಡ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಧ್ಯಕ್ಷರ ಹತ್ತಿರ ಇಡ್ರಿ. ಇಂಥ ರೈತ ಕಂಪನಿಗಳಿಗೆ ಸಿಗೋ ಸರಕಾರದ ಮೂರು ವರ್ಷದ ನಿರ್ವಹಣಾ ನೆರವು ಮುಗಿದ ಮೇಲೆ ಸಿಇಒ ಬದಲಾಗೋದು ಸಾಮಾನ್ಯ, ಅವರ ಜೊತೆ ಮೂರು ವರ್ಷದ ದರದ ಲೆಕ್ಕವೂ ಬಸ್ ಹತ್ತಬಾರದು.