ಪಾಠ ಅರ್ಥ ಆಗುತ್ತೆ ಮೇಡಂ, ಲೆಕ್ಕ ಬರಲ್ಲ

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಪ್ರಥಮ ಪಿಯುಸಿ ಹುಡುಗಿ. ಸುಮಾ ಎಂದು ಕರೆಯೋಣ. ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಶಾಲೆಗೇ ಮೊದಲು ಬಂದವಳು. ಪಿಯುನಲ್ಲಿ ಪಿಸಿಎಂಬಿ ತೆಗೆದುಕೊಂಡಳು. ಮಿಡ್‌ಟರ್ಮ್‌ನಲ್ಲಿ ಬಯಾಲಜಿ ಚೆನ್ನಾಗಿ ಬಂತು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರರಲ್ಲೂ ಫೇಲು.

ಅಪ್ಪ ರೇಷ್ಮೆ ಬೆಳೆಗಾರರು. ಓದಿನ ತೊಂದರೆಗೆ ಸಲಹೆ ಕೇಳಲು ಅವರೇ ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಬುದ್ಧಿ ಚುರುಕಾಗೋಕೆ ಏನಾದ್ರೂ ಕ್ಲಾಸು ಇದ್ರೆ ಹೇಳಿ ಮೇಡಂ. ಇಲ್ಲಾಂದ್ರೆ ಮುಂದಿನ ವರ್ಷ ಆರ್ಟ್ಸ್‌ಗೆ ಹಾಕಿಬಿಡ್ತೀನಿ" ಎಂದರು. ಆರ್ಟ್ಸ್ ಓದೋಕೆ ಬುದ್ಧಿ ಬೇಡ ಅನ್ನೋ ಈ ನಂಬಿಕೆಯ ಬಗ್ಗೆ ಇನ್ನೊಂದು ದಿನ ಬರೆಯಬೇಕು. ಸುಮಾ ಹೇಳಿದ್ದು ಒಂದೇ ಮಾತು: "ಪಾಠ ಅರ್ಥ ಆಗುತ್ತೆ ಮೇಡಂ, ಲೆಕ್ಕ ಬರಲ್ಲ."

ನಿದ್ದೆ, ಊಟ, ಭಯ, ಮನೆಯ ವಾತಾವರಣ ಎಲ್ಲ ವಿಚಾರಿಸಿದೆ. ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಆದರೆ ದಿನಚರಿ ಕೇಳಿದಾಗ ಒಂದು ವಿಷಯ ಗೊತ್ತಾಯಿತು. ಬೆಳಗ್ಗೆ 6ಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ಮನೆ ಸೇರುವಾಗ ರಾತ್ರಿ. "ಹಾಗಾದ್ರೆ ನೀನೊಬ್ಬಳೇ ಕೂತು ಲೆಕ್ಕ ಮಾಡೋದು ಯಾವಾಗ?" ಎಂದೆ. "ಟ್ಯೂಷನ್‌ನಲ್ಲಿ ಸರ್ ಮಾಡಿಸ್ತಾರಲ್ಲ" ಎಂದಳು. ಅಂದರೆ ಸರ್ ಬೋರ್ಡಿನ ಮೇಲೆ ಮಾಡುತ್ತಾರೆ, ಇವಳು ನೋಟ್ಸ್‌ಗೆ ಇಳಿಸಿಕೊಳ್ಳುತ್ತಾಳೆ. ಇಂಥ ಮಕ್ಕಳಿಗೆ 'ಅರ್ಥ ಆಗುತ್ತೆ' ಅನ್ನಿಸುವುದು ಸಹಜ. ಬೇರೆಯವರು ಬಿಡಿಸುವಾಗ ಎಲ್ಲ ಲೆಕ್ಕವೂ ಸುಲಭವೇ.

ಅವಳ ಪುಸ್ತಕದಲ್ಲಿರುವಂಥದ್ದೇ ಒಂದು ಲೆಕ್ಕ ಕೊಟ್ಟೆ. ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡು ಎಂದೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಬಸ್ಸಿಗೆ ಡ್ರೈವರ್ ಬ್ರೇಕ್ ಹಾಕುತ್ತಾನೆ. ವೇಗ ಇಳಿಯುವ ದರ ಸೆಕೆಂಡ್ ವರ್ಗಕ್ಕೆ 5 ಮೀಟರ್. ನಿಲ್ಲುವಷ್ಟರಲ್ಲಿ ಬಸ್ಸು ಎಷ್ಟು ದೂರ ಹೋಗಿರುತ್ತದೆ?

"ಯು ಕೊಟ್ಟಿದ್ದಾರೆ. ಎ ಕೊಟ್ಟಿದ್ದಾರೆ. ಎಸ್ ಕಂಡುಹಿಡೀಬೇಕು. ವಿ ಕೊಟ್ಟಿಲ್ಲ." ಅಲ್ಲಿಗೆ ನಿಂತುಬಿಟ್ಟಳು. (ಯು ಅಂದರೆ ಮೊದಲಿನ ವೇಗ, ಎ ವೇಗ ಬದಲಾಗುವ ದರ, ಎಸ್ ದೂರ, ವಿ ಕೊನೆಯ ವೇಗ.)

"ಬಸ್ಸು ಕೊನೆಗೆ ಏನಾಯ್ತು?"

"ನಿಂತಿತು."

"ನಿಂತ ಬಸ್ಸಿನ ವೇಗ ಎಷ್ಟು?"

ನಾಚಿಕೊಂಡು ಸೊನ್ನೆ ಬರೆದಳು. ಸೂತ್ರ ಸರಿಯಾಗಿಯೇ ನೆನಪಿತ್ತು. 72ನ್ನು ಹಾಗೇ ಹಾಕಿದಳು. ಉತ್ತರ 518 ಮೀಟರ್ ಬಂತು. ಅಡಿಗೆರೆ ಎಳೆದು ಪೆನ್ ಮುಚ್ಚಿದಳು. "ನೀನು ಬರೋ ಬಸ್ಸು ಬ್ರೇಕ್ ಹಾಕಿದ ಮೇಲೂ ಅರ್ಧ ಕಿಲೋಮೀಟರ್ ಹೋಗುತ್ತಾ?" ಎಂದೆ. ಆಗ ಹುಡುಕಿದಳು. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ದೂರ 40 ಮೀಟರ್. ನಾನು ಹೇಳಿಕೊಡಲಿಲ್ಲ, ಅವಳೇ ಕಂಡುಕೊಂಡಳು.

ಅವಳ ತೊಂದರೆ ಅಲ್ಲೇ ಕಂಡಿತು. ಸುಮಾ ಬಸ್ಸನ್ನು ನೋಡುತ್ತಲೇ ಇರಲಿಲ್ಲ. ಕೊಟ್ಟ ಅಕ್ಷರಗಳಿಗೆ ಹೊಂದುವ ಸೂತ್ರ ಯಾವುದು ಅಂತ ಹುಡುಕುತ್ತಿದ್ದಳು, ಅಷ್ಟೇ. ಪ್ರಶ್ನೆಯಲ್ಲಿ ಬಾಯಿಬಿಟ್ಟು ಹೇಳದ ಮಾಹಿತಿ ಅವಳ ಪಾಲಿಗೆ ಇಲ್ಲವೇ ಇಲ್ಲ.

ಅದೇ ಹುಡುಗಿ ಮನೆಯಲ್ಲಿ ಏನು ಮಾಡುತ್ತಾಳೆ ಗೊತ್ತಾ? ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ಹಾಕಿದಷ್ಟೂ ತಿನ್ನುತ್ತದೆ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಪಾಲು ಆ ಕೊನೆಯ ವಾರದಲ್ಲೇ ಖರ್ಚು. ತೋಟದ ಸೊಪ್ಪು ಎಷ್ಟು ದಿನಕ್ಕೆ ಬರುತ್ತದೆ, ಪಕ್ಕದವರ ಹತ್ತಿರ ಎಷ್ಟು ಹೊರೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು ಅನ್ನೋದನ್ನು ಅಪ್ಪನಿಗೆ ಮುಂಚೆಯೇ ಹೇಳುವವಳು ಇವಳು. ಅಪ್ಪ ಅದನ್ನು ಬುದ್ಧಿ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ.

'ಮನೆಯಲ್ಲಿ ಮಾಡ್ತೀಯಲ್ಲ, ಇಲ್ಲೂ ಹಾಗೇ ಮಾಡು' ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ಅದರಿಂದ ಏನೂ ಆಗುತ್ತಿರಲಿಲ್ಲ. ಒಂದು ಕಡೆ ಕಲಿತ ಉಪಾಯ ಇನ್ನೊಂದು ಕಡೆಗೆ ತಾನಾಗಿ ನಡೆದು ಬರುವುದು ಬಹಳ ಕಡಿಮೆ. 1980ರಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೇಲೆ ಪ್ರಯೋಗ ಮಾಡಿದರು. ಒಬ್ಬ ಸೇನಾಪತಿ ತನ್ನ ಸೈನ್ಯವನ್ನು ಸಣ್ಣ ಸಣ್ಣ ತುಕಡಿ ಮಾಡಿ, ಬೇರೆ ಬೇರೆ ದಾರಿಯಲ್ಲಿ ಕಳಿಸಿ, ಒಂದೇ ಹೊತ್ತಿಗೆ ಕೋಟೆ ಹಿಡಿಯುವ ಕಥೆ ಓದಿಸಿದರು. ಆಮೇಲೆ ಒಂದು ಸಮಸ್ಯೆ ಕೊಟ್ಟರು: ಹೊಟ್ಟೆಯೊಳಗಿನ ಗೆಡ್ಡೆಯನ್ನು ಕಿರಣಗಳಿಂದ ಸುಡಬೇಕು, ಸುತ್ತಲಿನ ಭಾಗ ಮಾತ್ರ ಸುಡಬಾರದು. ಎರಡಕ್ಕೂ ಉಪಾಯ ಒಂದೇ, ಸುತ್ತಲಿಂದ ಸಣ್ಣ ಸಣ್ಣದಾಗಿ ಕಳಿಸುವುದು. ಆದರೂ ಹೆಚ್ಚಿನವರಿಗೆ ತಾವಾಗಿ ಹೊಳೆಯಲಿಲ್ಲ. 'ಆ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ' ಎಂದು ಸುಳಿವು ಕೊಟ್ಟಾಗ ಹೆಚ್ಚಿನವರು ಬಿಡಿಸಿದರು. ಸಂಬಂಧವನ್ನು ಯಾರಾದರೂ ತೋರಿಸಿಕೊಡಬೇಕು. ಅದು ಮೇಷ್ಟ್ರುಗಳ ಕೆಲಸ.

ಅಪ್ಪನಿಗೆ ಹೇಳಿದ್ದು: ಬುದ್ಧಿ ಚುರುಕು ಮಾಡುವ ಕ್ಲಾಸು ಬೇಡ. ಸಂಜೆಯ ಟ್ಯೂಷನ್ ಬಿಡಿಸಿ. ಆ ಹೊತ್ತು ಅವಳೇ ಕೂತು ತಿಣುಕಲಿ. ಸೈನ್ಸ್ ಬಿಡುವ ಮಾತನ್ನು ವರ್ಷದ ಕೊನೆಯವರೆಗೆ ಮನೆಯಲ್ಲಿ ಎತ್ತಬೇಡಿ. ಟ್ಯೂಷನ್ ಬಿಡಿಸುವುದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಫೀಸು ಕಟ್ಟಿ ಆಗಿತ್ತಲ್ಲ.

ಸುಮಾಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಇಲ್ಲಿ ಏನು ನಡೀತಿದೆ? ಏನು ಕೇಳಿದ್ದಾರೆ? ಹೇಳದೆ ಬಿಟ್ಟಿದ್ದು ಏನು? ಬಂದ ಉತ್ತರ ನಂಬುವಂತಿದೆಯಾ? ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲೇ ಇಂಥ ನಾಲ್ಕು ಹಂತ ಹೇಳಿದ್ದರು: ಸಮಸ್ಯೆ ಅರ್ಥ ಮಾಡಿಕೋ, ದಾರಿ ಯೋಚಿಸು, ಮಾಡು, ತಿರುಗಿ ನೋಡು. ನಾನು ಇವಳು ಎಡವುವ ಜಾಗಕ್ಕೆ ತಕ್ಕಂತೆ ಬದಲಿಸಿಕೊಂಡೆ. ಮೊದಲ ಮೂರಕ್ಕೆ ಉತ್ತರ ಬರೆಯುವವರೆಗೆ ಸೂತ್ರ ಮುಟ್ಟುವ ಹಾಗಿಲ್ಲ. ಕನ್ನಡದಲ್ಲೇ ಬರೆಯಬಹುದು, ಚಿತ್ರ ಬಿಡಿಸಿದರೂ ಸರಿ. ಇನ್ನೊಂದು ಕೆಲಸ: ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನು ಕಾಗದದಿಂದ ಮುಚ್ಚಿ, ಒಂದೊಂದೇ ಸಾಲು ತೆರೆಯುವುದು. ಮುಂದಿನ ಸಾಲು ಏನಿರಬಹುದು, ಯಾಕೆ ಎಂದು ಮೊದಲೇ ಹೇಳಿ ಆಮೇಲೆ ನೋಡುವುದು.

ಇಷ್ಟರಲ್ಲಿ ಅವಳ ಕಾಲೇಜಿನ ಪ್ರಿನ್ಸಿಪಾಲರು ಫೋನ್ ಮಾಡಿದರು. ಎಲ್ಲ ಮಕ್ಕಳಿಗೂ ಸಮಸ್ಯೆ ಬಿಡಿಸುವುದರ ಬಗ್ಗೆ ಎರಡು ಗಂಟೆಯ ಕಾರ್ಯಾಗಾರ ಮಾಡಿಕೊಡಿ ಎಂದರು. ಆಗಲ್ಲ ಎಂದೆ. ಒಗಟು, ಬೆಂಕಿಕಡ್ಡಿ ಆಟ ಆಡಿಸಿದರೆ ಮಕ್ಕಳಿಗೆ ಖುಷಿ ಆಗುತ್ತದೆ, ಒಗಟು ಬಿಡಿಸುವುದರಲ್ಲಿ ಚುರುಕೂ ಆಗುತ್ತಾರೆ. ಫಿಸಿಕ್ಸ್‌ಗೆ ಅದು ದಾಟುವುದಿಲ್ಲ. ಅದರ ಬದಲು ಎಲ್ಲ ವಿಷಯದವರೂ ಅದೇ ನಾಲ್ಕು ಪ್ರಶ್ನೆಗಳನ್ನು, ಅದೇ ಮಾತುಗಳಲ್ಲಿ, ಬೋರ್ಡಿನ ಮೇಲೆ ಬರೆದು ಪಾಠ ಮಾಡಲಿ ಎಂದೆ. ಜೊತೆಗೆ ಹಳೆಯ ಪಾಠಗಳ ಲೆಕ್ಕಗಳನ್ನು ಕಲಸಿ, ಮೇಲೆ ಪಾಠದ ಹೆಸರು ಹಾಕದೆ ಕೊಡಲಿ. ಯಾವ ಪಾಠದ್ದು ಅಂತ ಗೊತ್ತಾದ ಕೂಡಲೇ ಅರ್ಧ ಯೋಚನೆ ಮುಗಿದುಹೋಗುತ್ತದೆ. ಒಬ್ಬ ಲೆಕ್ಚರರು "ಪೋರ್ಷನ್ ಮುಗಿಯಲ್ಲ ಮೇಡಂ" ಎಂದು ಅಲ್ಲೇ ಕೈಮುಗಿದರು. ಅವರ ಕಷ್ಟ ಸುಳ್ಳಲ್ಲ. ಸಿಇಟಿ, ನೀಟ್ ಎಂದು ಮೇಲಿಂದ ಒತ್ತಡ ಇದ್ದೇ ಇದೆ.

ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಕನ್ನಡದ ಮೇಡಂ. ಗಾದೆ ವಿಸ್ತರಣೆಯನ್ನು ಮಕ್ಕಳು ಗೈಡು ನೋಡಿ ಉರು ಹೊಡೆಯುತ್ತಾರೆ, ಗೈಡಿನಲ್ಲಿ ಇಲ್ಲದ್ದು ಬಂದರೆ ಬಿಟ್ಟು ಬರುತ್ತಾರೆ. ಅವರು ಬೋರ್ಡಿನ ಮೇಲೆ 'ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು' ಎಂದು ಬರೆದು ಮೂರನೇ ಪ್ರಶ್ನೆ ಕೇಳಿದರಂತೆ: ಹೇಳದೆ ಬಿಟ್ಟಿದ್ದು ಏನು? ಉತ್ತರ ಕೊಟ್ಟವಳು ಸುಮಾ. "ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದಾರೆ ಮೇಡಂ. ಅದು ಗಾದೆಯಲ್ಲಿಲ್ಲ. ನಿಂತ ಬಸ್ಸಿನ ಸೊನ್ನೆ ಇದ್ದ ಹಾಗೆ." ಕ್ಲಾಸಿನಲ್ಲಿ ಯಾರಿಗೂ ಬಸ್ಸಿನ ವಿಷಯ ಅರ್ಥವಾಗಲಿಲ್ಲವಂತೆ.

ವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಆರಾಮಾಗಿ ಪಾಸಾದಳು. ಕೆಮಿಸ್ಟ್ರಿ ಮಾತ್ರ ಅಂಚಿನಲ್ಲಿ ಪಾಸು. ಯಾಕೆ ಅಂತ ನೋಡೋಣ ಎಂದು ಒಂದು ಲೆಕ್ಕ ಕೊಟ್ಟೆ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿ ಉರಿದರೆ ಎಷ್ಟು ನೀರು ಬರುತ್ತದೆ? 74 ಗ್ರಾಂ ಎಂದು ಕೂಡಿಸಿಬಿಟ್ಟಳು. ನಾಲ್ಕೂ ಪ್ರಶ್ನೆ ಕೇಳಿಕೊಂಡಿದ್ದಳು. ಆದರೆ ಹೇಳದೆ ಬಿಟ್ಟಿದ್ದೇನು ಎಂಬುದಕ್ಕೆ ಉತ್ತರ ಇರುವುದು ಯಾವುದು ಯಾವುದರ ಜೊತೆ ಎಷ್ಟು ಪಾಲಿನಲ್ಲಿ ಕೂಡುತ್ತದೆ ಎಂದು ಹೇಳುವ ಪಾಠದಲ್ಲಿ. 64 ಗ್ರಾಂ ಆಕ್ಸಿಜನ್‌ಗೆ 8 ಗ್ರಾಂ ಹೈಡ್ರೋಜನ್ ಸಾಕು. 2 ಗ್ರಾಂ ಹಾಗೇ ಉಳಿಯುತ್ತದೆ, ನೀರು 72 ಗ್ರಾಂ. ಆ ಪಾಠ ಅವಳಿಗೆ ಹೈಸ್ಕೂಲಿನಲ್ಲೇ ಕೈತಪ್ಪಿತ್ತು. ವಿಷಯ ಗೊತ್ತಿಲ್ಲದ ಜಾಗದಲ್ಲಿ ಎಂಥ ಒಳ್ಳೆಯ ಪ್ರಶ್ನೆಯೂ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ. ಈ ರಜೆಯಲ್ಲಿ ಬೇರೇನೂ ಬೇಡ, 9ನೇ ತರಗತಿ ಪುಸ್ತಕ ತೆಗೆದು ಪರಮಾಣು, ಅಣುಗಳ ಆ ಒಂದು ಪಾಠ ಮೊದಲಿಂದ ಓದು ಎಂದಿದ್ದೇನೆ. ತಮ್ಮನ ಪುಸ್ತಕ ಮನೆಯಲ್ಲೇ ಇದೆಯಂತೆ. ಸೊಪ್ಪು ಮುಗಿದು ಹುಳು ಉಳಿಯುವ ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ ಅಂತ ಈ ಸಲ ನಾನೇ ಬರೆದು ತೋರಿಸಿದ್ದೇನೆ.